ಸದ್ದಿಗಿಂತ ನಿಧಾನದ ಗುಂಡು

ಸಾಲಗಾಮೆಯ ದೊಡ್ಡತಾಯಮ್ಮ ಒಂದು ಭಾನುವಾರ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದುಕೊಂಡು ರೈಫಲ್ ಕ್ಲಬ್ಬಿನ ಗೇಟಿನ ಮುಂದೆ ಬಂದು ನಿಂತರು. ಮುಚ್ಚಳ ತೆಗೆದು ತೋರಿಸಿದರು. ತಳ ಮುಚ್ಚುವಷ್ಟೂ ಹಾಲಿರಲಿಲ್ಲ.

“ಏನವ್ವಾ ಸ್ನೇಹಾ, ನೋಡಿಲ್ಲಿ. ಇದುನ್ನ ಎಂಗೆ ಡೈರಿಗೆ ತಕ್ಕೊಂಡೋಗ್ಲಿ? ನಿಮ್ ಕೋವಿ ಸದ್ದಿಗೆ ನಮ್ ಅಸ ಹಾಲೇ ಇಳುಸ್ತಿಲ್ಲ ಕಣವ್ವಾ. ಚೊಚ್ಚಲ ಕರ ಆಕೈತೆ, ಮೊದ್ಲೇ ಗಾಬ್ರಿ ದನ. ಚಟ್ ಅಂತಿದ್ದಂಗೆ ಕಾಲೆತ್ತಿ ಒದ್ದುಬುಡ್ತದೆ.”

ಒಳಗೆ ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿದಿದ್ದ ಸ್ನೇಹಲತಾ ಗುಂಡು ಹಾರದಂತೆ ರೈಫಲ್ಲಿನ ಬೋಲ್ಟ್ ತೆರೆದಿಟ್ಟು ಎದ್ದು ಬಂದಿದ್ದರು. ಮೊಣಕೈಗೆ ಅಂಟಿದ ಧೂಳನ್ನು ಒರೆಸಿಕೊಳ್ಳುತ್ತ, “ದೊಡ್ಡವ್ವ, ಐವತ್ತು ಮೀಟರಿಂದು ಹೊಡೀತಿದ್ದಾಗ ಏನೂ ಆಗಿರ್ಲಿಲ್ವಲ್ಲ?” ಎಂದರು.

“ಅದ್ಯಾವ್ ಮೀಟ್ರೋ ನಂಗೇನ್ ಗೊತ್ತು. ಮೊದ್ಲು ಟಪ್ ಅಂತಿತ್ತು, ಸುಮ್ಕಿದ್ದೆ. ಈಗ ಚಟೀರ್ ಅಂತೈತೆ. ನಮ್ ಕೊಟ್ಟಿಗೆ ಒಳೀಕೇ ಯಾರೋ ಬಾರುಕೋಲು ಬೀಸ್ದಂಗಾಗ್ತದೆ.”

ಬೇರೆ ಯಾರಾದರೂ ಆಗಿದ್ದರೆ ಸಮಾಧಾನದ ಎರಡು ಮಾತು ಹೇಳಿ ಕಳಿಸುತ್ತಿದ್ದರೇನೋ. ಸ್ನೇಹಲತಾ ಮರುದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೇ ಬರುತ್ತೇನೆಂದು ಮಾತು ಕೊಟ್ಟರು. ಆ ದಿನ ಶಾಲೆಗೆ ತಡವಾಗಿ ಬರುವುದಾಗಿ ನನಗೆ ಫೋನು ಮಾಡಿ, ಮೊದಲ ಪೀರಿಯಡ್ಡಿನಲ್ಲಿ ತಮ್ಮ ಎಂಟನೇ ತರಗತಿಯನ್ನು ನೋಡಿಕೊಳ್ಳಲು ಹೇಳಿದರು.

ನಾವಿಬ್ಬರೂ ಹೊಳೆನರಸೀಪುರದ ಒಂದೇ ಪ್ರೌಢಶಾಲೆಯಲ್ಲಿದ್ದೇವೆ. ಅವರು ದೈಹಿಕ ಶಿಕ್ಷಣ, ನಾನು ಕನ್ನಡ. ಸಾಲಗಾಮೆ ಅವರ ತವರು. ಆಲೂಗಡ್ಡೆ, ಮುಸುಕಿನ ಜೋಳ ಬೆಳೆಯುವ ಒಕ್ಕಲು ಮನೆತನ. ಹಾಸನದಲ್ಲಿ ಕಾಲೇಜು ಓದುವಾಗ ಎನ್‌ಸಿಸಿಗೆ ಸೇರಿ ಮೊದಲ ಸಲ ಪಾಯಿಂಟ್ ಟೂ ಟೂ ರೈಫಲ್ ಹಿಡಿದರಂತೆ. ಕಡ್ಡಿಪೆಟ್ಟಿಗೆಯಷ್ಟು ಜಾಗದಲ್ಲಿ ಐದೂ ಗುಂಡು ಕೂರಿಸಿದ್ದನ್ನು ನೋಡಿ ಸುಬೇದಾರರು, “ಬೇಟಿ, ಇದನ್ನು ಬಿಡಬೇಡ” ಎಂದಿದ್ದರಂತೆ. ಬಿಡಲೇಬೇಕಾಯಿತು. ಮದುವೆ, ಮಗಳು, ಕೆಲಸ, ವರ್ಗಾವಣೆ ಎಂದು ವರ್ಷಗಳು ಕಳೆದವು. ಅದಕ್ಕಾಗಿ ಯಾರನ್ನೂ ದೂರಿದ್ದನ್ನು ನಾನು ಕೇಳಿಲ್ಲ. ಶಾಲೆಯ ಮೈದಾನದಲ್ಲಿ ಗುಂಡು ಎಸೆತ ಹೇಳಿಕೊಡುತ್ತ, “ನಾನೂ ಒಂದು ಕಾಲದಲ್ಲಿ ಬೇರೆ ಥರದ ಗುಂಡು ಹೊಡೀತಿದ್ದೆ” ಎಂದು ಮಕ್ಕಳನ್ನು ನಗಿಸುತ್ತಿದ್ದರು, ಅಷ್ಟೆ.

ನಲವತ್ತರ ಹತ್ತಿರ ಬಂದಾಗ ಮಕ್ಕಳನ್ನು ಕ್ರೀಡಾಕೂಟಕ್ಕೆಂದು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಬಿಡುವಿನಲ್ಲಿ ಪಕ್ಕದ ಶೂಟಿಂಗ್ ರೇಂಜನ್ನು ನೋಡಲು ಹೋದರೆ, ಅಲ್ಲಿ ತಲೆ ನೆರೆತ ಒಬ್ಬರು ಚಾಪೆಯ ಮೇಲಿಂದ ಕಷ್ಟಪಟ್ಟು ಏಳುತ್ತಿದ್ದರು. ಇವರು ಕೈಕೊಟ್ಟು ಎಬ್ಬಿಸಿದರು. ಮಾತಿಗೆ ಮಾತು ಬೆಳೆದು, ಅವರು ಚನ್ನರಾಯಪಟ್ಟಣದವರು, ಪಾತ್ರೆ ಅಂಗಡಿಯ ಆದಿರಾಜಯ್ಯ ಎಂದು ತಿಳಿಯಿತು. ಜೈನರ ಮನೆತನ. ಬಂದೂಕು ಹಿಡಿದವರು ಅವರ ಕುಲದಲ್ಲಿ ಯಾರೂ ಇರಲಿಲ್ಲವಂತೆ. ಕಾಲೇಜಿನ ದಿನಗಳಲ್ಲಿ ಹತ್ತಿದ ಹುಚ್ಚು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಕಾಗದಕ್ಕೆ ಗುಂಡು ಹೊಡೆದು, ಸಂಜೆ ಅಂಗಡಿ ಮುಚ್ಚುವುದರೊಳಗೆ ಊರು ಸೇರುತ್ತಿದ್ದರು.

“ನೀವೊಂದು ಐದು ಹೊಡೀತೀರಾಮ್ಮ?” ಎಂದು ತಮ್ಮ ರೈಫಲ್ಲನ್ನೇ ಮುಂದೆ ಸರಿಸಿದರು.

ಸ್ನೇಹಲತಾ ಮಲಗಿದರು. ಕೆನ್ನೆ ರೈಫಲ್ಲಿನ ಮರದ ಹಿಡಿಗೆ ತಾಗಿದ ಕೂಡಲೇ ಕಣ್ಣಲ್ಲಿ ನೀರು ಬಂದುಬಿಟ್ಟಿತಂತೆ. ಗುರಿ ಮಸುಕಾಗಿ ಮೊದಲನೆಯದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಉಳಿದ ನಾಲ್ಕೂ ಒಟ್ಟಿಗೆ ಕೂತಿದ್ದವು. ಆದಿರಾಜಯ್ಯನವರು ದೂರದರ್ಶಕದಲ್ಲಿ ನೋಡಿ, “ನಮ್ಮ ಜಿಲ್ಲೆಯಲ್ಲೇ ಇದ್ದೀರಿ, ಇಷ್ಟು ದಿನ ಸಿಗಲಿಲ್ಲವಲ್ಲ ನೀವು!” ಎಂದರಂತೆ. ಆ ಮಾತನ್ನು ಸ್ನೇಹಲತಾ ಈಗಲೂ ಹೇಳುತ್ತಾರೆ.

ಕ್ಲಬ್ ಹುಟ್ಟಿದ್ದು ಹಾಗೆ. ಸಾಲಗಾಮೆಯಲ್ಲಿ ಅವರ ಅಣ್ಣಂದಿರ ಹೊಲದ ಅಂಚಿಗೆ ರಸ್ತೆ ಕೆಲಸಕ್ಕೆಂದು ಮಣ್ಣು ತೆಗೆದ ದೊಡ್ಡ ಗುಂಡಿ ಇತ್ತು. ಮೂರು ಕಡೆ ಎತ್ತರದ ಮಣ್ಣಿನ ಗೋಡೆ. ಬೇಸಾಯಕ್ಕೆ ಬಾರದ ಆ ಜಾಗವನ್ನು ಅಣ್ಣಂದಿರು ತಂಗಿಗೆ ಬಿಟ್ಟುಕೊಟ್ಟರು. ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದವರು ಅವರ ಗಂಡ ರಜನೀಶ್. ವಿದ್ಯುತ್ ಇಲಾಖೆಯಲ್ಲಿ ಕೆಲಸ. ಬಂದೂಕೆಂದರೆ ಏನೇನೂ ಆಸೆಯಿಲ್ಲದ ಮನುಷ್ಯ. ಪೊಲೀಸರು ಬಂದು ಗೋಡೆಯ ಎತ್ತರ ಅಳೆದು, ಇನ್ನೂ ಏರಿಸಲು ಹೇಳಿ ಹೋದಾಗ, ರಜೆ ಹಾಕಿ ಜೆಸಿಬಿಯ ಹಿಂದೆ ನಿಂತು ಮಣ್ಣು ಏರಿಸಿದವರೂ ಅವರೇ.

ರೇಂಜು ತೆರೆದ ದಿನ ಆದಿರಾಜಯ್ಯನವರು ಒಂದೇ ಒಂದು ಮಾತು ಕೇಳಿದರು. “ಕಾಗದಕ್ಕೆ ಹೊಡೆಯೋದಕ್ಕೆ ನನ್ನ ಮನಸ್ಸು ಒಪ್ಪಿದೆ. ಆ ಕಾಗದದ ಮುಂದೆ ಓತಿಕ್ಯಾತ ಹಾದು ಹೋದರೂ ಎಲ್ಲರೂ ಬೋಲ್ಟ್ ತೆಗೆದು ಕೈ ಎತ್ತಬೇಕು. ಅದು ದಾಟೋವರೆಗೂ ಯಾರೂ ಮುಟ್ಟಬಾರದು.” ಎಲ್ಲರೂ ಒಪ್ಪಿದರು.

ಐವತ್ತು ಮೀಟರಿಗೆ ಹೊಡೆಯುತ್ತಿದ್ದಷ್ಟು ದಿನ ಊರಿನವರಿಗೆ ರೇಂಜು ಇರುವುದೇ ಮರೆತುಹೋಗಿತ್ತು. ಆಮೇಲೆ ಗುಂಡಿಯ ಉದ್ದಕ್ಕೂ ಜಾಗ ಸವರಿ ನೂರು ಮೀಟರಿನ ಸಾಲು ಮಾಡಿದರು. ಆದಿರಾಜಯ್ಯನವರ ತಮ್ಮನ ಮಗ ಧನಂಜಯ್ ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ, ಉತ್ಸಾಹಿ. ದೂರ ಹೆಚ್ಚಾದ ಮೇಲೆ ಗುಂಡಿನ ವೇಗವೂ ಹೆಚ್ಚಬೇಕು ಎಂದು ಅವನು ವಾದಿಸಿದ. ಎಲ್ಲರಿಗೂ ಅದೇ ಸರಿ ಎನ್ನಿಸಿತು. ವೇಗದ ತೋಟಾಗಳು ಬಂದವು. ದೊಡ್ಡತಾಯಮ್ಮನ ಕೊಟ್ಟಿಗೆ ಇರುವುದು ಪಕ್ಕದ ಮಣ್ಣಿನ ಗೋಡೆಯ ಆಚೆ, ಸರಿಯಾಗಿ ಸಾಲಿನ ನಡುಮಧ್ಯಕ್ಕೆ. ಜಗಳ ಅಲ್ಲಿಂದ ಶುರುವಾಯಿತು.

ಮಾತು ಕೊಟ್ಟಂತೆ ಸೋಮವಾರ ಬೆಳಿಗ್ಗೆ ಸ್ನೇಹಲತಾ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ದೊಡ್ಡತಾಯಮ್ಮ ಕೆಚ್ಚಲು ತೊಳೆದು ಕರೆಯಲು ಶುರುಮಾಡಿದರು. ಆಚೆ ಆದಿರಾಜಯ್ಯನವರು ರೈಫಲ್ ಹಿಡಿದು ಕಾಯುತ್ತಿದ್ದರು. ಸ್ನೇಹಲತಾ ಫೋನಿನಲ್ಲಿ “ಸಾರ್, ವೇಗದ್ದು” ಎಂದರು.

ಚಟೀರ್!

ತಲೆಯ ಪಕ್ಕದಲ್ಲೇ ಸಿಡಿದಂತಾಯಿತು. ಹಸುವಿನ ಮೈಚರ್ಮ ಅದುರಿತು. ಹಿಂಗಾಲು ಎದ್ದಿತು. ದೊಡ್ಡತಾಯಮ್ಮ ಪಾತ್ರೆ ಎಳೆದುಕೊಂಡರು. “ನೋಡ್ದಾ? ನೀನೂ ಬೆಚ್ಬಿದ್ದೆ ಕಣವ್ವಾ!”

ಹಸುವಿನ ಗಂಗೆದೊಗಲು ಸವರಿ, ಅದು ಸುಮ್ಮನಾಗುವ ತನಕ ಕಾದರು. ಆಮೇಲೆ ಸ್ನೇಹಲತಾ, “ಸಾರ್, ಈಗ ನಮ್ಮ ಹಳೇದು” ಎಂದರು.

ಮರಕ್ಕೆ ಸುತ್ತಿಗೆ ತಾಗಿದಂತೆ ದೂರದಿಂದ ಟಪ್ ಎಂದು ಬಂತು. ಅದರ ಹಿಂದೆಯೇ ಗುಂಡು ಮಣ್ಣಿಗೆ ಹೊಕ್ಕ ಸಣ್ಣ ಸದ್ದು. ಹಸು ಕಿವಿ ಅಲ್ಲಾಡಿಸಿತು, ಮತ್ತೆ ಮೆಲುಕು ಹಾಕಿತು. ಇನ್ನೊಂದು ಹೊಡೆಸಿದರು. ಮತ್ತೊಂದು. ಪಾತ್ರೆಯಲ್ಲಿ ಹಾಲಿನ ನೊರೆ ಏರುತ್ತಲೇ ಇತ್ತು.

“ಇದಾದ್ರೆ ಬೇಕಾದಷ್ಟು ಒಡ್ಕೊ,” ಎಂದರು ದೊಡ್ಡತಾಯಮ್ಮ.

ಅದರ ಕಾರಣವನ್ನು ಸ್ನೇಹಲತಾ ನನಗೆ ಸ್ಟಾಫ್ ರೂಮಿನಲ್ಲಿ ಹೇಳಿದ್ದು ಹೀಗೆ. ಗುಂಡು ಸದ್ದಿಗಿಂತ ವೇಗವಾಗಿ ಓಡಿದರೆ, ದೋಣಿಯ ಎರಡೂ ಬದಿಗೆ ಅಲೆ ಹರಡುವ ಹಾಗೆ, ಅದು ಹೋದ ದಾರಿಯುದ್ದಕ್ಕೂ ಗಾಳಿಯಲ್ಲಿ ಒಂದು ಅಲೆ ಎದ್ದು ಎರಡೂ ಕಡೆಗೆ ಬಡಿಯುತ್ತದೆ. ಕಿವಿಗೆ ಕೇಳುವ ಚಟೀರ್ ಅದೇ. ಬಂದೂಕು ಎಷ್ಟು ದೂರದಲ್ಲಿದ್ದರೂ ಗುಂಡಿನ ದಾರಿ ಹತ್ತಿರವಿದ್ದರೆ ಸಾಕು, ಪಕ್ಕದಲ್ಲೇ ಸಿಡಿದಂತಿರುತ್ತದೆ. ಸದ್ದಿಗಿಂತ ನಿಧಾನವಾಗಿ ಹೋಗುವ ಗುಂಡಿಗೆ ಆ ಅಲೆ ಇಲ್ಲ. ಬಂದೂಕಿನ ಬಾಯಲ್ಲಿ ಆಗುವ ಸದ್ದಷ್ಟೇ, ಅದನ್ನು ಮಣ್ಣಿನ ಗೋಡೆ ನುಂಗಿಕೊಳ್ಳುತ್ತದೆ.

ಇನ್ನು ಮೇಲೆ ನಿಧಾನದ ತೋಟಾ ಮಾತ್ರ ಎಂದು ಸ್ನೇಹಲತಾ ಹೇಳಿದಾಗ ಧನಂಜಯ್‌ಗೆ ಹಿಡಿಸಲಿಲ್ಲ. “ಮೇಡಂ, ಐವತ್ತು ಮೀಟರಿಗೆ ಅದು ಸರಿ. ನೂರಕ್ಕೆ ಹೋಗೋಷ್ಟರಲ್ಲಿ ಎಷ್ಟು ಇಳಿಯುತ್ತೆ ಗೊತ್ತಾ? ಗಾಳಿಗೆ ಎಲ್ಲಿಗೋ ಹೋಗುತ್ತೆ. ಒಂದು ಹಸುಗೋಸ್ಕರ ಸ್ಪರ್ಧೆ ಬಿಡೋಕಾಗುತ್ತಾ?”

“ಹಸು ಎಲ್ಲಿಗೆ ಹೋಗಬೇಕಪ್ಪಾ? ಅದರ ಮನೆ ಅದು,” ಎಂದರು ಸ್ನೇಹಲತಾ. “ಎರಡನ್ನೂ ಹೊಡೆದು ನೋಡೋಣ. ನಷ್ಟ ಆದರೆ ಆಗಲಿ, ಎಷ್ಟು ಅಂತ ತಿಳಿಯುತ್ತಲ್ಲ.”

ಗಾಳಿ ಇನ್ನೂ ಏಳದ ಒಂದು ಮುಂಜಾನೆ, ದೊಡ್ಡತಾಯಮ್ಮನ ಹಾಲು ಡೈರಿ ಸೇರಿದ ಮೇಲೆ, ಒಂದೇ ರೈಫಲ್ಲಿನಲ್ಲಿ ಎರಡು ಬಗೆಯ ತೋಟಾಗಳನ್ನೂ ಹೊಡೆದರು. ವೇಗದವು ಮೊದಲು. ಅಂಗೈ ಅಗಲಕ್ಕೆ ಚದುರಿದ ತೂತುಗಳು. ನಿಧಾನದ್ದರಲ್ಲಿ ಮೊದಲ ಗುಂಡು ಕಪ್ಪು ವೃತ್ತದ ಕೆಳಗೆ, ಕಾಗದದ ಅಂಚಿಗೆ ಬಿತ್ತು. “ನಾನು ಹೇಳಲಿಲ್ವಾ” ಎಂದು ಧನಂಜಯ್ ನಕ್ಕ. ಸ್ನೇಹಲತಾ ರೈಫಲ್ಲಿನ ಹಿಂಬದಿಯ ಗುರಿಗಣ್ಣಿನ ತಿರುಪನ್ನು ಕ್ಲಿಕ್ ಕ್ಲಿಕ್ ಎಂದು ಏರಿಸಿದರು, ಮತ್ತೆ ಮಲಗಿದರು. ಹೊಡೆದು ಮುಗಿಸಿ ಎಲ್ಲರೂ ಕಾಗದದ ಹತ್ತಿರ ನಡೆದುಹೋಗಿ ನೋಡಿದರೆ ಗುಂಡುಗಳೆಲ್ಲ ನಿಂಬೆಹಣ್ಣಿನ ಅಗಲದೊಳಗೆ ಕೂತಿದ್ದವು. ಧನಂಜಯ್ ಬೆರಳಿಟ್ಟು ತೂತುಗಳನ್ನು ಒಂದೊಂದಾಗಿ ಎಣಿಸಿದ.

ಮಧ್ಯಾಹ್ನ ಅಡ್ಡಗಾಳಿ ಎದ್ದ ಮೇಲೆ ಮತ್ತೊಮ್ಮೆ ನೋಡೋಣ ಎಂದು ಅವನೇ ಹಟ ಹಿಡಿದ. ಅದರಲ್ಲಾದರೂ ವೇಗದ್ದು ಗೆಲ್ಲುತ್ತದೆಂದು ಸ್ನೇಹಲತಾ ಕೂಡ ನಂಬಿದ್ದರು. ಗಾಳಿಯಲ್ಲಿ ಕಡಿಮೆ ಹೊತ್ತು ಇರುವುದು ತಾನೇ ಕಡಿಮೆ ಸರಿಯಬೇಕು? ನಡೆದದ್ದು ತಿರುವುಮುರುವು. ವೇಗದ ಗುಂಡೇ ಹೆಚ್ಚು ಪಕ್ಕಕ್ಕೆ ಸರಿದಿತ್ತು.

ಆದಿರಾಜಯ್ಯನವರು ಇದನ್ನು ಓದಿದ್ದರಂತೆ, ಕಣ್ಣಾರೆ ಕಂಡದ್ದು ಅವತ್ತೇ. ಚಾಪೆಯ ಮೇಲೆ ಕೂತು ಬಿಡಿಸಿ ಹೇಳಿದರು. “ಗುಂಡು ಗಾಳಿಯಲ್ಲಿ ಎಷ್ಟು ಹೊತ್ತು ಇರುತ್ತೆ ಅನ್ನೋದಷ್ಟೇ ಲೆಕ್ಕ ಅಲ್ಲ. ದಾರೀಲಿ ಎಷ್ಟು ವೇಗ ಕಳಕೊಳ್ಳುತ್ತೆ ಅನ್ನೋದರ ಮೇಲೆ ಪಕ್ಕದ ಗಾಳಿ ಅದನ್ನ ಹಿಡಿಯುತ್ತೆ. ಈ ಪುಟ್ಟ ಸೀಸದ ಗುಂಡು ಸದ್ದನ್ನ ಮೀರಿ ಹೊರಟರೆ ಗಾಳಿ ಅದನ್ನ ಬಲವಾಗಿ ತಡೀತದೆ. ಅರ್ಧ ದಾರಿಗೆ ಅದರ ವೇಗ ಸದ್ದಿಗಿಂತ ಕೆಳಕ್ಕೆ ಇಳಿಯುತ್ತೆ. ಇಳಿಯುವ ಜಾಗದಲ್ಲಿ ಒಂದು ಸಲ ತೂರಾಡುತ್ತೆ. ಸಾಲಗಾಮೆ ಬಸ್ಸು ಜೋರಾಗಿ ಬಂದು ರಸ್ತೆ ಹಂಪಿನ ಹತ್ತಿರ ಬ್ರೇಕ್ ಹಾಕಿದರೆ ನಿಂತೋರು ಏನಾಗ್ತಾರೆ? ಹಾಗೆ. ಮೊದಲಿಂದ ಕೆಳಗಡೆ ವೇಗದಲ್ಲೇ ಹೊರಟಿದ್ದಕ್ಕೆ ಆ ಗೋಜಿಲ್ಲ. ಇಳಿಯೋದು ಜಾಸ್ತಿ, ನಿಜ. ಆದರೆ ಪ್ರತಿ ಸಲವೂ ಅಷ್ಟೇ ಇಳಿಯುತ್ತೆ. ಅದನ್ನ ತಿರುಪಿನಲ್ಲಿ ಸರಿಮಾಡಬಹುದು. ತೂರಾಟನ ಯಾವ ತಿರುಪಲ್ಲಿ ಸರಿಮಾಡ್ತೀಯಪ್ಪ?”

ವೇಗದ ತೋಟಾಗಳ ಉಳಿದ ಡಬ್ಬಿಗಳು ಬೀರುವಿನ ಒಳಗೆ ಸೇರಿದವು. ಆ ಸಂಜೆ ಸ್ನೇಹಲತಾ ಎಲೆ, ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ದೊಡ್ಡತಾಯಮ್ಮನ ಮನೆಗೆ ಹೋದರು.

“ದೊಡ್ಡವ್ವ, ನೀನು ಬಂದು ಜಗಳ ಆಡಿದ್ದಕ್ಕೆ ನಮಗೆ ಒಳ್ಳೇದಾಯ್ತು.”

“ಅಯ್ಯೋ ನನ್ ಮಗ್ಳೇ! ಬೈಸ್ಕೊಂಡು ಬಾಳೆಅಣ್ಣು ತಂದೋರ್ನ ಇವತ್ತೇ ಕಣವ್ವಾ ನೋಡಿದ್ದು,” ಎಂದು ದೊಡ್ಡತಾಯಮ್ಮ ನಕ್ಕರು. ಕೂರಿಸಿ ಕಾಫಿ ಕೊಟ್ಟರು. ಗಾಳಿ ನೋಡಲು ಕಡ್ಡಿಗಳಿಗೆ ಕಟ್ಟುವ ಹಗುರವಾದ ಬಟ್ಟೆ ಬೇಕಿತ್ತು ಎಂದು ಮಾತಿನ ನಡುವೆ ತಿಳಿದಾಗ, ಒಳಗಿಂದ ಒಂದು ಹಳೆಯ ನೈಲೆಕ್ಸ್ ಸೀರೆ ತಂದು, ಉದ್ದುದ್ದಕ್ಕೆ ಹರಿದು ಕೊಟ್ಟರು. ಕಿತ್ತಳೆ ಬಣ್ಣದ ಆ ಪಟ್ಟಿಗಳು ಸಾಲಿನ ಎರಡೂ ಬದಿ ಹಾರಾಡತೊಡಗಿದವು. ಮುಂದಿನ ವರ್ಷ ಹಸು ಮತ್ತೆ ಕರು ಹಾಕಿದಾಗ ಕ್ಲಬ್ಬಿನವರಿಗೆಲ್ಲ ಗಿಣ್ಣು ಬಂತು.

ಆದಿರಾಜಯ್ಯನವರಿಗೆ ಎಪ್ಪತ್ತು ತುಂಬಿದ ವರ್ಷ ಅವರು ಕ್ಲಬ್ಬಿಗೆ ಬಂದು, ತಮ್ಮ ಹತ್ತಿರ ಇರುವ ವಸ್ತುಗಳನ್ನು ಒಂದೊಂದಾಗಿ ಕಡಿಮೆ ಮಾಡಿಕೊಳ್ಳುವ ವ್ರತ ಹಿಡಿದಿರುವುದಾಗಿ ಹೇಳಿದರು. ಅಂಗಡಿ ಆಗಲೇ ಮಗನ ಕೈಗೆ ಹೋಗಿತ್ತು. ಕಾರು ಕೊಟ್ಟಾಗಿತ್ತು. ಉಳಿದದ್ದರಲ್ಲಿ ಅವರಿಗೆ ಪ್ರಿಯವಾದದ್ದು ಆ ರೈಫಲ್ ಒಂದೇ. ಅದನ್ನು ಸ್ನೇಹಲತಾ ಹೆಸರಿಗೆ ಮಾಡಿಸುವುದಾಗಿ ಹೇಳಿದಾಗ ಅವರು, “ಬೇಡ ಸಾರ್, ಅದು ನಿಮ್ಮ ಕೈಯಲ್ಲೇ ಇರಲಿ” ಎಂದು ಎಷ್ಟೋ ಹೇಳಿದರು. ಆದಿರಾಜಯ್ಯನವರು ಕೇಳಲಿಲ್ಲ. ಪರವಾನಗಿಯ ಕೆಲಸಗಳೆಲ್ಲ ಕ್ರಮವಾಗಿ ಮುಗಿದ ಮೇಲೆ ಒಂದು ಭಾನುವಾರ ಅದನ್ನು ಒಪ್ಪಿಸಲು ಬಂದರು. ಜೊತೆಗೆ ಅವರ ಹೆಂಡತಿ ಪದ್ಮಾವತಮ್ಮ ಇದ್ದರು. ರೇಂಜಿಗೆ ಅವರು ಕಾಲಿಟ್ಟದ್ದು ಅದೇ ಮೊದಲು.

ಅವತ್ತು ನಾನೂ ಅಲ್ಲಿದ್ದೆ. ಪದ್ಮಾವತಮ್ಮ ಹಿಂದಿನ ಕುರ್ಚಿಯಲ್ಲಿ ಸೆರಗು ಹೊದ್ದು ಬಿಗಿಯಾಗಿ ಕೂತಿದ್ದರು. ಸ್ನೇಹಲತಾ ಹಾಗೂ ಇನ್ನಿಬ್ಬರು ಚಾಪೆಯ ಮೇಲೆ ಮಲಗಿದ್ದರು. ಅಷ್ಟರಲ್ಲಿ ಗುರಿ ಕಾಗದಗಳ ಮುಂದೆ ಒಂದು ಮುಂಗುಸಿ ಕಾಣಿಸಿತು. “ಜೀವ!” ಎಂದು ಕೂಗಿದರು ಸ್ನೇಹಲತಾ. ಮೂರೂ ಬೋಲ್ಟುಗಳು ಒಟ್ಟಿಗೆ ತೆರೆದುಕೊಂಡವು, ಮೂರೂ ಕೈಗಳು ಮೇಲೆದ್ದವು. ಮುಂಗುಸಿಗೆ ಅವಸರವಿರಲಿಲ್ಲ. ನಿಂತು ಮೂಸಿತು, ಮಣ್ಣು ಕೆದರಿತು, ಹಿಂದಿರುಗಿ ನೋಡಿತು. ಎತ್ತಿದ ಕೈಗಳು ಎತ್ತಿದಂತೆಯೇ ಇದ್ದವು. ಅದು ಗೋಡೆ ಹತ್ತಿ ಆಚೆ ಹೋಯಿತು. ಆಮೇಲೂ ಗಾಳಿ ನಿಲ್ಲಲೆಂದು ಇನ್ನಷ್ಟು ಹೊತ್ತು ಕಾದು, ಒಬ್ಬೊಬ್ಬರೇ ಹೊಡೆದರು.

ಪದ್ಮಾವತಮ್ಮ ಗಂಡನ ಕಡೆ ತಿರುಗಿದರು. “ಇಷ್ಟೇನಾ ನೀವು ಮಾಡ್ತಿದ್ದಿದ್ದು?”

“ಇಷ್ಟೇ ಕಣೇ.”

“ನೀವು ಆ ಪೆಟ್ಟಿಗೆ ಎತ್ಕೊಂಡು ಹೊರಟಾಗೆಲ್ಲ ನಾನು ಬಸದಿಗೆ ಹೋಗಿ ಕೂತಿರ್ತಿದ್ದೆ, ಎಲ್ಲಿ ಏನು ಪಾಪ ಬರುತ್ತೋ ಅಂತ. ಇಲ್ಲಿ ನೋಡಿದರೆ ಹೊಡೆಯೋದಕ್ಕಿಂತ ಹೊಡೀದೆ ಕೂರೋದೇ ಜಾಸ್ತಿ ಆಗಿದೆ. ಮೊದಲೇ ಕರ್ಕೊಂಡು ಬಂದು ತೋರಿಸಬಾರದಿತ್ತಾ?”

ಆದಿರಾಜಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಪದ್ಮಾವತಮ್ಮನೇ ಎದ್ದು ಬಂದು ರೈಫಲ್ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಸ್ನೇಹಲತಾ ಕೈಗೆ ಕೊಟ್ಟರು. ಅವರು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದರು.

ಹೋದ ದಸರಾ ರಜೆಯಲ್ಲಿ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ ಇರುವ ಇನ್ನೊಂದು ಕ್ಲಬ್ಬಿನವರು ಇನ್ನೂರು ಮೀಟರಿನ ಸ್ನೇಹ ಸ್ಪರ್ಧೆ ಇಟ್ಟಿದ್ದರು. ಪಾಯಿಂಟ್ ಟೂ ಟೂ ರೈಫಲ್ಲಿಗೆ ಇನ್ನೂರು ಮೀಟರ್ ಬಲು ದೂರ. ನಿಧಾನದ ಗುಂಡು ಅಷ್ಟು ದೂರ ಮುಟ್ಟುವಾಗ, ಹೊರಟ ನೇರದಿಂದ ಆಳೆತ್ತರಕ್ಕೂ ಮಿಗಿಲಾಗಿ ಇಳಿದಿರುತ್ತದೆ. ಒಂದು ತೋಟಾಕ್ಕೂ ಇನ್ನೊಂದಕ್ಕೂ ವೇಗದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಅಲ್ಲಿ ಒಂದು ಮೇಲೆ, ಒಂದು ಕೆಳಗೆ ಬೀಳುತ್ತದೆ. ಆದ್ದರಿಂದ ಒಟ್ಟಿಗೆ ತಯಾರಾದ ಒಂದೇ ಲಾಟಿನ ತೋಟಾಗಳು ಬೇಕು. ಅದರಲ್ಲೂ ಆ ರೈಫಲ್ಲಿಗೆ ಒಗ್ಗುವ ಲಾಟ್ ಯಾವುದೆಂದು ಹೊಡೆದೇ ತಿಳಿಯಬೇಕು. ಧನಂಜಯ್ ಬೇರೆ ಬೇರೆ ಲಾಟುಗಳ ಡಬ್ಬಿ ತಂದುಕೊಟ್ಟ. ಗುಂಡಿನ ವೇಗ ಅಳೆಯುವ ಪುಟ್ಟ ಯಂತ್ರವನ್ನು ಮೈಸೂರಿನ ಗೆಳೆಯರಿಂದ ಎರವಲು ತಂದವನೂ ಅವನೇ. ಭಾನುವಾರಗಳೆಲ್ಲ ಅದರಲ್ಲೇ ಕಳೆದವು. ಕಡೆಗೆ ಒಂದು ಲಾಟಿನಲ್ಲಿ ವೇಗ ಹೆಚ್ಚುಕಡಿಮೆ ಅಲುಗದೆ ಬಂತು. ಆ ಲಾಟಿನಲ್ಲಿ ತನ್ನ ಪಾಲಿಗಿದ್ದ ಡಬ್ಬಿಗಳನ್ನೂ ಧನಂಜಯ್ ಸ್ನೇಹಲತಾ ಕೈಗೇ ಕೊಟ್ಟ. “ನಾನು ಬೇರೆದ್ರಲ್ಲಿ ಹೊಡೀತೀನಿ ಮೇಡಂ. ದೊಡ್ಡಪ್ಪನ ರೈಫಲ್ಲಿಗೆ ಇದೇ ಹೊಂದೋದು.”

ಆದಿರಾಜಯ್ಯನವರು ಸ್ಪರ್ಧೆಗೆ ಬರುವಂತಿರಲಿಲ್ಲ. ಚಾತುರ್ಮಾಸ ಮುಗಿಯುವವರೆಗೆ ಊರ ಗಡಿ ದಾಟುವುದಿಲ್ಲ ಎಂದು ನಿಯಮ ಹಿಡಿದಿದ್ದರು. “ನೀವು ಹೊಡೆದು ಬನ್ನಿ, ನಾನು ಇಲ್ಲೇ ಕೂತು ಲೆಕ್ಕ ಹಾಕ್ತಿರ್ತೀನಿ” ಎಂದಿದ್ದರು.

ರಜನೀಶ್ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಧನಂಜಯ್, ನಾನು. ರುದ್ರಪಟ್ಟಣ ಹಾಯುವಾಗ ಯಾವುದೋ ಮನೆಯಿಂದ ಪಿಟೀಲಿನ ಅಭ್ಯಾಸ ಕೇಳಿಬಂತು. ಸ್ನೇಹಲತಾ ಕಿಟಕಿ ಇಳಿಸಿ, “ಸ್ವಲ್ಪ ನಿಧಾನ ಮಾಡಿ” ಎಂದರು ಗಂಡನಿಗೆ. 

ರೇಂಜು ಹಳೆಯ ಕಲ್ಲುಕ್ವಾರಿಯಲ್ಲಿತ್ತು. ನದಿಯ ಕಡೆಯಿಂದ ಗಾಳಿ ಬರುತ್ತಿತ್ತು, ಒಂದೇ ಹದಕ್ಕಲ್ಲ. ಕೊಡಗಿನವರು, ಮೈಸೂರಿನವರು, ನಮ್ಮ ಜಿಲ್ಲೆಯವರು ಸೇರಿ ಒಂದು ಸಾಲು ಜನ ಮಲಗಿದ್ದರು. ಮೊದಲ ಸುತ್ತು ಚೆನ್ನಾಗಿ ಆಯಿತು. ಎರಡನೆಯದರ ನಡುವೆ ಗಾಳಿ ದಿಕ್ಕು ಬದಲಿಸಿತು. ಎಡಕ್ಕೆ ಹಾರುತ್ತಿದ್ದ ಅಲ್ಲಿಯ ಬಟ್ಟೆಪಟ್ಟಿಗಳು ಒಮ್ಮೆಲೇ ಜೋತುಬಿದ್ದು ಬಲಕ್ಕೆ ಎದ್ದವು. ಸ್ನೇಹಲತಾ ಹೊಡೆದಿದ್ದ ಗುಂಡು ಅಷ್ಟರಲ್ಲಿ ಹೋಗಿಬಿಟ್ಟಿತ್ತು. ತನ್ನ ಸರದಿ ಮುಗಿಸಿ ದೂರದರ್ಶಕದಲ್ಲಿ ನೋಡುತ್ತಿದ್ದ ಧನಂಜಯ್ ನನ್ನ ಕಿವಿಯಲ್ಲಿ, “ಹೊರಗೆ ಬಿತ್ತು” ಎಂದ.

ಅಕ್ಕಪಕ್ಕದವರು ಸಮಯ ಓಡುತ್ತಿದೆಯೆಂದು ಬೇಗ ಬೇಗ ಹೊಡೆಯತೊಡಗಿದರು. ಸ್ನೇಹಲತಾ ಮಾತ್ರ ರೈಫಲ್ ಇಳಿಸಿ, ಕೆನ್ನೆ ಸರಿಸಿ, ಸುಮ್ಮನೆ ಪಟ್ಟಿಗಳನ್ನು ನೋಡುತ್ತ ಮಲಗಿಬಿಟ್ಟರು. ರಜನೀಶ್ ಗಡಿಯಾರ ನೋಡಿ, ಕೈ ಹಿಸುಕಿಕೊಂಡು, ಎದ್ದು ಕಾರಿನ ತನಕ ಹೋಗಿ ಮತ್ತೆ ಬಂದರು. “ನಿದ್ದೆ ಹೋದಳಾ?” ಎಂದರು. ಅಷ್ಟರಲ್ಲಿ ಪಟ್ಟಿಗಳು ನಿಧಾನಕ್ಕೆ ಎಡಕ್ಕೆ ವಾಲಿ ಅಲ್ಲೇ ನಿಂತವು. ಟಪ್. ಸ್ವಲ್ಪ ಬಿಟ್ಟು ಇನ್ನೊಂದು ಟಪ್. ಉಳಿದದ್ದೆಲ್ಲ ಒಂದೇ ಓಟದಲ್ಲಿ ಮುಗಿಯಿತು. ಧನಂಜಯ್ ಕಣ್ಣು ತೆಗೆಯದೆಯೇ, “ಎಲ್ಲಾ ಒಳಗೆ, ಎಲ್ಲಾ ಒಳಗೆ” ಎನ್ನುತ್ತಿದ್ದ.

ಮೊದಲನೆಯ ಸ್ಥಾನ ಕೊಡಗಿನ ಒಬ್ಬರಿಗೆ, ಎರಡನೆಯದು ಮೈಸೂರಿನವರಿಗೆ. ಮೂರನೆಯದು ಸ್ನೇಹಲತಾ ಅವರಿಗೆ. ಗೆದ್ದ ಕೊಡಗಿನವರೇ ಬಂದು ಕೈಕುಲುಕಿ, “ಆ ಗಾಳಿಯಲ್ಲಿ ಕಾದಿರಲ್ಲ, ನನಗೆ ಆ ಧೈರ್ಯ ಬರಲಿಲ್ಲ” ಎಂದರು. ಕ್ವಾರಿಯ ಬಂಡೆಯ ಮೇಲೆ ಕೂತು ಸ್ನೇಹಲತಾ ಆದಿರಾಜಯ್ಯನವರಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳುತ್ತಿತ್ತು.

“ಎಷ್ಟನೇದು ಅನ್ನೋದು ಆಮೇಲೆ. ಮೇಲೆ ಕೆಳಗೆ ಎಷ್ಟು ಹರಡಿತ್ತು ಹೇಳಿ,” ಎಂದರು ಅವರು.

“ನನ್ನ ಗೇಣಿಗಿಂತ ಕಮ್ಮಿ ಸಾರ್.”

ಆದಿರಾಜಯ್ಯನವರು “ಇನ್ನೂರಕ್ಕೆ?” ಎಂದರು. “ಇನ್ನೂರಕ್ಕೆ ಸಾರ್.” ಅವರು ಮಗುವಿನಂತೆ ನಕ್ಕುಬಿಟ್ಟರು. ಪದ್ಮಾವತಮ್ಮ ಫೋನು ಕಿತ್ತುಕೊಂಡಿರಬೇಕು. “ಸ್ನೇಹಾ, ಎಲ್ಲರೂ ನೇರ ಇಲ್ಲಿಗೇ ಬನ್ನಿ. ಒತ್ತುಶ್ಯಾವಿಗೆ ಮಾಡ್ತಿದೀನಿ. ಹೊತ್ತು ಮುಳುಗೋದರೊಳಗೆ ಬಂದುಬಿಡಬೇಕು, ಆಮೇಲೆ ನಮ್ಮಲ್ಲಿ ಊಟ ಇಲ್ಲ, ಗೊತ್ತಲ್ಲ?”

ಅರಕಲಗೂಡು ದಾಟಿ, ನಮ್ಮ ಹೊಳೆನರಸೀಪುರವನ್ನು ನಿಲ್ಲದೆ ಹಾದು, ರಜನೀಶ್ ಸೂರ್ಯನನ್ನೂ ರಸ್ತೆಯನ್ನೂ ನೋಡುತ್ತ ಕಾರು ಓಡಿಸಿದರು. ದಾರಿಯಲ್ಲಿ ಸ್ನೇಹಲತಾ ಮಾತಾಡಿದ್ದು ಕಡಿಮೆ. ಒಮ್ಮೆ ಮಾತ್ರ ಗಂಡನ ತೋಳು ಮುಟ್ಟಿ, “ನೀವು ಅವತ್ತು ರಜೆ ಹಾಕಿ ಮಣ್ಣು ಏರಿಸದೇ ಇದ್ದಿದ್ರೆ ಇದ್ಯಾವುದೂ ಇಲ್ಲ ಕಣ್ರೀ” ಎಂದರು. “ಜೆಸಿಬಿಯವನಿಗೆ ಹೇಳು ಅದನ್ನ,” ಎಂದರು ರಜನೀಶ್. ಆದರೆ ಚನ್ನರಾಯಪಟ್ಟಣದವರೆಗೂ ಅವರ ಮುಖದ ನಗು ಆರಲಿಲ್ಲ.

ನಾವು ತಲುಪಿದಾಗ ಜಗುಲಿಯ ಮೇಲೆ ಇನ್ನೂ ಬಿಸಿಲಿತ್ತು. ಆದಿರಾಜಯ್ಯನವರು ಬಾಗಿಲಲ್ಲೇ ಕಾಯುತ್ತಿದ್ದರು. ಸ್ನೇಹಲತಾ ಗುರಿ ಕಾಗದವನ್ನು ಅವರ ಕೈಗಿತ್ತರು. ಅವರು ಅದನ್ನು ಬೆಳಕಿಗೆ ಹಿಡಿದು, ತೂತುಗಳ ಮೂಲಕ ಬಿದ್ದ ಬಿಸಿಲನ್ನು ನೋಡುತ್ತ ನಿಂತುಬಿಟ್ಟರು. ಒಳಗಿಂದ ಪದ್ಮಾವತಮ್ಮ, “ಊಟ ಆದಮೇಲೆ ನೋಡಿ, ಹೊತ್ತು ಹೋಗ್ತಿದೆ” ಎಂದು ಕೂಗಿದರು.

ಎಲೆ ಹಾಕಿದ್ದರು. ಬಿಸಿ ಶ್ಯಾವಿಗೆ, ಏಲಕ್ಕಿ ಹಾಕಿದ ಕಾಯಿಹಾಲು, ಇನ್ನೊಂದು ಪಾತ್ರೆಯಲ್ಲಿ ಹುಳಿ ಶ್ಯಾವಿಗೆ. ಸ್ನೇಹಲತಾ ದಾರಿಯುದ್ದಕ್ಕೂ ಏನೋ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದರಂತೆ. “ಅಮ್ಮಾ, ಸಾರ್, ನಾನು…” ಎಂದು ಶುರುಮಾಡಿದರು. 

“ಆಮೇಲೆ ಹೇಳುವಂತೆ,” ಎಂದು ಪದ್ಮಾವತಮ್ಮ ಅವರ ಎಲೆಗೆ ಇನ್ನೊಂದು ಸೌಟು ಕಾಯಿಹಾಲು ಸುರಿದರು. “ಮೊದಲು ತಿನ್ನು ಮಗಳೇ, ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು.”